ಕೌದಿಯ ಹೊಟ್ಟೆಯೊಳಗಿನ ಜೋಳ

ಆಸ್ಟ್ರೇಲಿಯಾದ ಗಡಿಯಲ್ಲಿ ಕೌದಿಯ ಹೊಟ್ಟೆ ಕೊಯ್ದಿದ್ದಾರೆ ಎಂಬ ಸುದ್ದಿ ಬೆಂಗಳೂರಿನ ಅಟ್ಟೂರಿನಲ್ಲಿದ್ದ ಮನೆ ತಲುಪಿದಾಗ ಚನ್ನಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಅಕ್ಷಯಾ ಬಾಗಿಲಿಗೆ ಒರಗಿ ನಿಂತು ಫೋನಿನಲ್ಲಿ ಬಂದಿದ್ದ ಇಮೇಲನ್ನು ಮೊದಲು ತಾನೊಮ್ಮೆ ಓದಿಕೊಂಡಳು, ಆಮೇಲೆ ಕನ್ನಡದಲ್ಲಿ ಹೇಳಿದಳು.

“ಅವ್ವಾ, ಸ್ಯಾಂಪಲ್ ಅಂತ ಮೂರು ಕೌದಿ ಕಳಿಸಿದ್ವಲ್ಲ, ಅದರಲ್ಲಿ ಒಂದನ್ನ ಅಲ್ಲಿನ ತಪಾಸಣೆಯವರು ನಡುವೆ ಬಿಚ್ಚಿ ನೋಡಿದಾರಂತೆ. ಒಳಗೆ ಕಾಳು ಸಿಕ್ಕಿದೆಯಂತೆ. ಜೋಳದ ಕಾಳು ಹಾಕಿದ್ಯಾ ಅದರೊಳಗೆ?”

ಚನ್ನಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು. “ಹಾಕದ ಮತ್ತ? ಹೊಟ್ಟ್ಯಾಗ ಏನೂ ಇಲ್ದ ಕಳಸ್ತಾರೇನು?”

“ಅವ್ವಾ!”

“ಯಾಕವಾ, ಹುಳಾ ಹಿಡಿದಿತ್ತೇನು? ಛಲೋ ಬಿಳಿಜೋಳ ಆರಿಸಿ, ಬಿಸಲಿಗೆ ಒಣಗಿಸಿ ಹಾಕೀನಲ್ಲ.”

ಅಕ್ಷಯಾ ಹೊಸ್ತಿಲ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ಗೊತ್ತಾಗದವರ ಮುಖ ಅವಳದು. ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿ, ಒಂದು ಕಡೆ ಕರಿಯಾಗತೊಡಗಿತ್ತು. ಚನ್ನಕ್ಕ ಅದನ್ನು ಮಗುಚಿ ಹಾಕಿದಳು.

ಚನ್ನಕ್ಕನ ತವರು ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ಓಣಿಯ ಹೆಂಗಸರು ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೌದಿಯನ್ನು ನಾಲ್ಕೂ ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬರುತ್ತಾರೆ. ಹೊಲಿಗೆಯ ಸಾಲುಗಳು ಸುತ್ತಿ ಸುತ್ತಿ ಕಡೆಗೆ ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅದರೊಳಗೆ ಒಂದು ಚಿಟಿಕೆ ಜೋಳ ಇಟ್ಟು, ಮೇಲೊಂದು ಚೌಕದ ತುಂಡು ಹಚ್ಚಿ ಬಾಯಿ ಮುಚ್ಚಬೇಕು. ಹಸಿದ ಕೌದಿ ಹೊದ್ದುಕೊಂಡವರ ನಿದ್ದೆ ತಿನ್ನುತ್ತದೆ ಎಂದು ಅವಳ ಅವ್ವ ಹೇಳುತ್ತಿದ್ದಳು. ಚನ್ನಕ್ಕ ಅದನ್ನು ನಂಬಿದ್ದಳೋ ಇಲ್ಲವೋ, ಯಾವತ್ತೂ ಕೇಳಿಕೊಂಡಿರಲಿಲ್ಲ. ಪಲ್ಯಕ್ಕೆ ಉಪ್ಪು ಹಾಕುವಾಗ ಯಾರಾದರೂ ಕೇಳಿಕೊಳ್ಳುತ್ತಾರೆಯೇ?

ಮೇಲ್ ಬರೆದವಳು ಹೆಲೆನ್. ಮೆಲ್ಬರ್ನಿನಲ್ಲಿ ಹಾಸಿಗೆ ಹೊದಿಕೆಗಳ ಸಣ್ಣದೊಂದು ಅಂಗಡಿ ಇಟ್ಟವಳು. ಹೆಬ್ಬಾಳದ ಒಂದು ಕರಕುಶಲ ಸಂತೆಯಲ್ಲಿ ಚನ್ನಕ್ಕನ ಮಳಿಗೆಯ ಮುಂದೆ ಬಂದು, ಕೌದಿಯೊಂದನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಅಕ್ಷಯಾಳ ಜೊತೆ ಮಾತಾಡಿದಳು. ಊರಿಗೆ ಹೋದ ಮೇಲೂ ಮರೆಯಲಿಲ್ಲ. ಮೊದಲು ಮೂರು ಕಳಿಸಿ, ಚೆನ್ನಾಗಿ ಬಂದರೆ ಇನ್ನಿಪ್ಪತ್ತು ಬೇಕು, ನಮ್ಮಲ್ಲಿ ಜೂನಿಗೆ ಚಳಿ ಶುರುವಾಗುತ್ತದೆ ಎಂದು ಬರೆದಳು.

ಹೊರದೇಶಕ್ಕೆ ಮಾಲು ಕಳಿಸುವುದೆಂದರೆ ದೊಡ್ಡವರ ಕೆಲಸ ಎಂದೇ ಚನ್ನಕ್ಕ ತಿಳಿದಿದ್ದಳು. ಕೆಲವು ವರ್ಷಗಳ ಹಿಂದೆ ಒಬ್ಬರು ದುಬೈಗೆ ಕೌದಿ ಕೇಳಿದ್ದರು. ಆಗ ಏಜೆಂಟನೊಬ್ಬ ಬಂದು ಈ ಲೈಸೆನ್ಸು, ಆ ತೆರಿಗೆ, ಚೆನ್ನೈನಲ್ಲಿ ಒಂದು ಆಫೀಸು, ಅಲ್ಲೊಬ್ಬ ಸಾಹೇಬರು ಎಂದು ಒಂದರ ಹಿಂದೆ ಒಂದು ಹೇಳಿದ್ದ. ಅವನಿಗೆ ಚಹಾ ಕೊಟ್ಟು ಕಳಿಸಿ ಆ ಮಾತು ಅಲ್ಲಿಗೇ ಬಿಟ್ಟಿದ್ದರು.

ಈ ಸಲ ಎಲ್ಲ ನಡೆದದ್ದು ಊಟದ ಟೇಬಲ್ಲಿನ ಮೇಲೆ. ಯಲಹಂಕದಲ್ಲಿ ವಿಶ್ವನಾಥ ಎಂಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುವ ಅಕ್ಷಯಾ ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ಕೂತಳು. ಜಿಎಸ್‌ಟಿ ನೋಂದಣಿಗೆ ಅರ್ಜಿ ಹಾಕಿದಳು, ವಾರ ತುಂಬುವುದರೊಳಗೆ ಅದು ಬಂತು. ರಫ್ತಿನ ಕೋಡ್ ಅದಕ್ಕಿಂತ ಬೇಗ ಬಂತು. ಹೊರದೇಶಕ್ಕೆ ಹೋಗುವ ಮಾಲಿನ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ, ನಾವು ನಿಜವಾಗಿ ಹೊರಗೆ ಕಳಿಸುತ್ತೇವೆ ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಬರೆದುಕೊಟ್ಟರೆ ಸಾಕು ಎಂದಳು. ಪಾರ್ಸೆಲ್ಲಿಗೆ ಚೆನ್ನೈ ಬೇಡ, ಅಂಚೆ ಕಚೇರಿ ಸಾಕು.

ಚನ್ನಕ್ಕ ಮಗಳ ಪಕ್ಕದಲ್ಲಿ ಕೂತು ಯಾರಾದರೂ ಅದನ್ನು ಕೇಳುತ್ತಾರೆಂದು ಕಾಯುತ್ತಿದ್ದಳು. ಜಾಲಹಳ್ಳಿಯ ಕ್ವಾರ್ಟರ್ಸಿಗೆ ಮದುವೆಯಾಗಿ ಬಂದಾಗಿನಿಂದ ರೇಷನ್ ಅಂಗಡಿಯಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಕೇಳಿದ ಪ್ರಶ್ನೆ ಅದು: ಯಜಮಾನರು ಎಲ್ಲಿ? ಈ ಕಂಪ್ಯೂಟರ್ ಕೇಳಲಿಲ್ಲ. ಅವಳ ಹೆಸರು ಕೇಳಿತು, ಅವಳ ಬೆರಳು ಕೇಳಿತು, ಮುಂದಕ್ಕೆ ಹೋಯಿತು. ಕೋಡ್ ಬಂದ ದಿನ ಅಕ್ಷಯಾ ಅದನ್ನು ಪ್ರಿಂಟ್ ಮಾಡಿ ತಂದು ಕೊಟ್ಟಾಗ, ಹಾಳೆಯ ಮೇಲೆ ‘ಚನ್ನಕ್ಕ’ ಎಂದಿದ್ದ ಜಾಗವನ್ನು ಅವಳು ಹೆಬ್ಬೆರಳಿನಿಂದ ಸವರಿ ನೋಡಿದ್ದಳು. ಸಂತೋಷವೆನ್ನುವುದಕ್ಕಿಂತ, ತನ್ನನ್ನು ಯಾರೋ ದೂರದಿಂದ ಗುರುತಿಸಿ ಕರೆದಂತೆ ಆಗಿತ್ತು.

ಈಗ ಅದೇ ಹೆಸರಿಗೆ ಈ ಮೇಲ್.

“ಅವರೇನು ಬೈದಿಲ್ಲ ಅವ್ವಾ,” ಅಕ್ಷಯಾ ಹೇಳಿದಳು. “ಅಲ್ಲಿ ಬೀಜ, ಕಾಳು ಒಳಗೆ ಬಿಡಲ್ಲ. ನಮ್ಮ ಕಾಳಿನ ಜೊತೆ ರೋಗ ಹೋದ್ರೆ ಅವರ ಬೆಳೆ ಹಾಳಾಗುತ್ತೆ ಅಂತ. ಹೆಲೆನ್ ಕೈಯಿಂದ ಖರ್ಚು ಹಾಕಿ, ಕಾಳು ಮೊಳೀಬಾರ್ದು ಅಂತ ಏನೋ ಶಾಖ ಕೊಡಿಸಿ ಬಿಡಿಸ್ಕೊಂಡಿದಾಳೆ. ಇಪ್ಪತ್ತು ಬೇಕೇ ಬೇಕು ಅಂದಿದಾಳೆ. ಆದ್ರೆ ಒಳಗೆ ಕಾಳು, ಬೀಜ, ಎಲೆ ಏನೂ ಇಲ್ಲ ಅಂತ ನೀನು ಬರೆದು ಸಹಿ ಹಾಕ್ಬೇಕು. ಇನ್ನೊಂದ್ಸಲ ಸಿಕ್ರೆ ನಮ್ಮಿಂದ ತರಿಸೋಕೇ ಆಗಲ್ವಂತೆ.”

ಇಬ್ಬರೂ ಒಟ್ಟಿಗೆ ನಡುಮನೆಯ ಕಡೆ ನೋಡಿದರು. ಅಲ್ಲಿ ದಿವಾನದ ಮೇಲೆ, ಆರ್ಡರ್ ಬಂದೇ ಬರುತ್ತದೆಂದು ಮೊದಲೇ ಹೊಲಿದಿದ್ದ ಇಪ್ಪತ್ತು ಕೌದಿಗಳನ್ನು ಮಡಿಸಿ ಒಟ್ಟಿದ್ದರು. ಇಪ್ಪತ್ತೂ ಹೊಟ್ಟೆ ತುಂಬಿಸಿಕೊಂಡು.

“ಇನ್ನೊಂದು ಕೇಳಿದಾಳೆ,” ಎಂದಳು ಅಕ್ಷಯಾ. “ಯಾಕೆ ಇಟ್ಟಿದ್ರಿ ಅಂತ. ಸುಮ್ನೆ, ತಿಳ್ಕೊಳ್ಳೋಕೆ.”

ಚನ್ನಕ್ಕ ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಸಂಜೆ ಯಲ್ಲಮ್ಮ ಬಂದಳು. ನವಲಗುಂದದ ಕಡೆಯವಳು, ಅವರಲ್ಲೂ ಕೌದಿಯ ಹೊಟ್ಟೆ ತುಂಬಿಸುವ ರೂಢಿ ಇತ್ತು; ಚನ್ನಕ್ಕನಿಗಿಂತ ಹತ್ತು ವರ್ಷ ದೊಡ್ಡವಳು. ಮಗ ಕಾಲೇಜಿನಲ್ಲಿ ಮೇಷ್ಟ್ರು. ಅವಳ ಹಿಂದೆಯೇ ಎರಡು ಮನೆಯಾಚೆಯ ಗಂಗಾದೇವಿ. ಇವರು ಮೂವರೂ ಸೇರಿ ಹೊಲಿದ ಕೌದಿಗಳು ಅವು. ವಿಷಯ ಕೇಳಿ ಯಲ್ಲಮ್ಮ ಎಲೆ ಅಡಿಕೆ ಚೀಲವನ್ನು ಮಡಿಲಿಂದ ತೆಗೆದು ಕೆಳಗಿಟ್ಟಳು.

“ಬಿಚ್ಚೂದಾ? ಮುಚ್ಚಿದ ಹೊಟ್ಟಿ ಬಿಚ್ಚಾಕ ಬರ್ತೈತೇನ? ನಾ ಅಂತೂ ಕತ್ತರಿ ಮುಟ್ಟಂಗಿಲ್ಲ ನೋಡವಾ.”

“ಯಲ್ಲಕ್ಕಾ, ಅವರ ದೇಶದ ಕಾಯ್ದೆ ಹಂಗೈತಿ,” ಎಂದಳು ಚನ್ನಕ್ಕ.

“ಅವರ ದೇಶದ ಮಂದಿ ಬರೇ ಬಟ್ಟಿ ಹೊದ್ಕೊಳ್ಳಲಿ ಹಂಗಾರ. ಕೌದಿ ಯಾಕ ಬೇಕು?”

ಗಂಗಾದೇವಿ ಮೆಲ್ಲಗೆ ಕೇಳಿದಳು, “ಕಾಳಿನ ಬದಲಿ ಉಪ್ಪು ಇಟ್ಟರ? ಉಪ್ಪಿಗೇನು ಮೊಳಕಿ ಬರೂದಿಲ್ಲ.”

“ಮಳೆಗಾಲಕ್ಕ ನೀರೊಡದು ಕೌದಿ ನಡುವ ಒದ್ದಿ ಆತಂದ್ರ, ಹಾಸಿಗ್ಯಾಗ ಹುಡುಗೂರು ಮಾಡ್ಯಾವ ಅಂತಾರ,” ಎಂದಳು ಯಲ್ಲಮ್ಮ. ಗಂಗಾದೇವಿ ಸೆರಗು ಬಾಯಿಗಿಟ್ಟು ನಕ್ಕಳು.

“ಒಂದು ರೂಪಾಯಿ ಇಡೂಣೇನು?” ಅವಳೇ ಮತ್ತೆ ಕೇಳಿದಳು.

“ರೊಕ್ಕ ಹೊರಗೆ ಕಳಿಸೋಕೆ ಬೇರೆ ಕಾನೂನು ಇದೆ ಆಂಟಿ,” ಒಳಗಿಂದ ಅಕ್ಷಯಾ ಕೂಗಿದಳು.

“ಅರಿಷಿಣ?”

“ಅದೂ ಗಿಡದ್ದೇ ಅಲ್ವಾ!”

“ಖಣದ ತುಂಡು ಇಡಬಹುದು,” ಎಂದಳು ಚನ್ನಕ್ಕ. “ಉಡಿ ತುಂಬಾಕ ಖಣ ಹಾಕ್ತೀವಲ್ಲ.”

ಯಲ್ಲಮ್ಮ ತಲೆಯಾಡಿಸಿದಳು. “ಖಣ ಉಡಿಗಾತು. ಊಟಕ್ಕ? ನಿನಗ ಹಸಿವಾದಾಗ ಖಣಾ ಕಡಕೊಂಡು ತಿಂತಿ ಏನು?” ಅವಳು ಎದ್ದು ದಿವಾನದ ಹತ್ತಿರ ಹೋಗಿ, ತಾನು ಹೊಲಿದವುಗಳನ್ನು ಅಂಚಿನ ಕೆಂಪು ದಾರದಿಂದ ಗುರುತು ಹಿಡಿದು ಒಂದೊಂದಾಗಿ ಮುಟ್ಟಿದಳು. “ನಿಮ್ಮವು ಏನರ ಮಾಡ್ಕೊಳ್ರಿ. ನನ್ನವು ಆರು ಅದಾವು. ಅವನ್ನ ಬಿಚ್ಚೂದಿದ್ರ ವಾಪಸ್ ಕೊಡ್ರಿ. ಮೊಮ್ಮಕ್ಕಳು ಹೊದ್ಕೊಂಡಾವು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಚನ್ನಕ್ಕನಿಗೆ ಹೆಚ್ಚು ನೋವಾಯಿತು. ಇಪ್ಪತ್ತರಲ್ಲಿ ಆರು ಹೋದರೆ ಆರ್ಡರ್ ಕೆಡುತ್ತದೆ, ಅದು ಒಂದು ಮಾತು. ಆದರೆ ಯಲ್ಲಮ್ಮ ಕೌದಿಗಳ ಜೊತೆ ತಾನೂ ಎದ್ದು ಹೋಗುತ್ತಾಳೆ. ಮಧ್ಯಾಹ್ನ ಮೂರರ ಮೇಲೆ ಮೂವರೂ ನಡುಮನೆಯಲ್ಲಿ ಕಾಲು ಚಾಚಿ ಕೂತು, ಅವರವರ ಕೌದಿ ತೊಡೆಯ ಮೇಲೆ ಹರವಿಕೊಂಡು ಹೊಲಿಯುತ್ತ ಮಾತಾಡುವ ಆ ಹೊತ್ತು ಹೋಗುತ್ತದೆ. ಬೆಂಗಳೂರಿಗೆ ಬಂದ ಇಷ್ಟು ವರ್ಷಗಳಲ್ಲಿ ಅವಳು ತನ್ನದೆಂದು ಕಟ್ಟಿಕೊಂಡದ್ದು ಆ ಹೊತ್ತೊಂದೇ.

ಮಾತು ಮುಗಿಯದೆ ಅವರು ಎದ್ದು ಹೋದ ಮೇಲೆ ಚನ್ನಕ್ಕನ ಗಂಡ ಫಕೀರಪ್ಪ ಟಿವಿಯ ದನಿ ಕಡಿಮೆ ಮಾಡಿದ. ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಹೆಂಡತಿಯ ಕೆಲಸದಲ್ಲಿ ಸಲಹೆ ಕೊಡುವುದು ಅವನಿಗೊಂದು ಡ್ಯೂಟಿಯಾಗಿತ್ತು.

“ಇಷ್ಟಕ್ಕ ಇಷ್ಟು ದೊಡ್ಡ ಮೀಟಿಂಗ್ ಯಾಕ? ಇದ್ದದ್ದು ಇದ್ದಂಗ ಇರಲಿ, ಏನೂ ಇಲ್ಲ ಅಂತ ಸಹಿ ಹಾಕು. ಇಪ್ಪತ್ತೂ ಬಿಚ್ಚಿ ನೋಡ್ತಾರೇನು ಅವರು?”

“ರೀ, ಗೇಟ್ ಪಾಸ್ ಇಲ್ದ ಒಂದು ನಟ್ಟು ಸಹಿತ ಹೊರಗ ತರಲಿಲ್ಲ ಅಂತ ಬಂದವರ ಮುಂದೆಲ್ಲ ಹೇಳ್ತೀರಿ. ನನಗ ಸುಳ್ಳು ಸಹಿ ಹಾಕು ಅಂತೀರಲ್ಲ!”

“ಅದು ಫ್ಯಾಕ್ಟರಿ ಮಾತು.”

“ಇದು ನನ್ನ ಫ್ಯಾಕ್ಟರಿ.”

ಫಕೀರಪ್ಪ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿ ಮತ್ತೆ ಟಿವಿಯ ದನಿ ಹೆಚ್ಚಿಸಿದ. ಸ್ವಲ್ಪ ಹೊತ್ತಾದ ಮೇಲೆ, ಅವಳ ಕಡೆ ತಿರುಗದೆಯೇ, “ಹಂಗಾರ ಬಿಚ್ಚು ಮತ್ತ,” ಎಂದ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮೇಲೆ ವಿಮಾನವೊಂದು ಇಳಿಯುವ ಸದ್ದು ಮಾಡಿ ಹುಣಸಮಾರನಹಳ್ಳಿ ಕಡೆ ಹೋಯಿತು. ಚನ್ನಕ್ಕ ತಾನು ಹೊಲಿದ ಕೌದಿಯೊಂದನ್ನು ತೊಡೆಯ ಮೇಲೆ ಹರವಿಕೊಂಡು ನಡುವಿನ ಚೌಕದ ಹೊಲಿಗೆಗೆ ಸಣ್ಣ ಕತ್ತರಿಯ ತುದಿ ಇಟ್ಟಳು. ಕೈ ಮುಂದೆ ಹೋಗಲಿಲ್ಲ. ಯಲ್ಲಮ್ಮನಿಗೆ ಕಾಯ್ದೆ ಹೇಳಿದವಳು ತಾನೇ, ಈಗ ತನ್ನದೇ ಕೈ ಮಾತು ಕೇಳುತ್ತಿಲ್ಲ.

ಬಟ್ಟೆಯ ಮೇಲಿಂದಲೇ ಬೆರಳಿಗೆ ಕಾಳು ತಾಗುತ್ತಿತ್ತು. ಮದುವೆಯಾಗಿ ಬಂದ ಮೊದಲ ಚಳಿಗಾಲ ನೆನಪಾಯಿತು. ಕ್ವಾರ್ಟರ್ಸಿನ ಸಿಮೆಂಟ್ ನೆಲ, ಗುರುತಿಲ್ಲದ ಜನ, ಅರ್ಥವಾದರೂ ಪರಕೀಯವೆನಿಸುವ ಕನ್ನಡ. ಗಂಡ ರಾತ್ರಿ ಪಾಳಿಗೆ ಹೋದಾಗ ಅವಳು ಅವ್ವ ಕೊಟ್ಟ ಕೌದಿಯ ನಡುವೆ ಬೆರಳಾಡಿಸುತ್ತ ಕಾಳುಗಳನ್ನು ಹುಡುಕುತ್ತಿದ್ದಳು. ಕಾಳು ಯಾರ ಹೊಟ್ಟೆಯನ್ನೂ ತುಂಬಿಸಿರಲಿಲ್ಲ. ಆದರೆ ತಾನು ಹಸಿಯಬಹುದು ಎಂದು ಒಬ್ಬಳು ಮೊದಲೇ ಯೋಚಿಸಿದ್ದಳು, ಅದು ಆ ಬಟ್ಟೆಯೊಳಗೆ ಬೆರಳಿಗೆ ಸಿಗುತ್ತಿತ್ತು. ಹೆಲೆನಳ ಊರಿನಲ್ಲೂ ಹೊಸ ಮನೆಯ ನೆಲದ ಮೇಲೆ ನಿದ್ದೆ ಬಾರದೆ ಮಲಗಿದವರು ಇದ್ದೇ ಇರುತ್ತಾರಲ್ಲ. ಅವರಿಗೆ ಬರಿ ಬಟ್ಟೆ ಕಳಿಸುವುದು ಹೇಗೆ?

ಹಾಗೆ ಕೂತವಳಿಗೆ ಅತ್ತೆ ನೆನಪಾದದ್ದು ಯಾಕೋ. ಅತ್ತೆಗೆ ಬೀಗರ ಮನೆಯ ಬುತ್ತಿ ಎಂದರೆ ಅವಮಾನ. ನಮ್ಮಲ್ಲಿ ಉಣ್ಣಾಕ ಇಲ್ಲೇನು, ಗಂಟು ಕಟಗೊಂಡು ಬರ್ತಾಳ ಎಂದು ಮೊದಲ ಸಲವೇ ಬುತ್ತಿಯ ಗಂಟನ್ನು ಬಾಗಿಲಿನ ಹೊರಗೇ ಇಳಿಸಿದ್ದಳು. ಮುಂದಿನ ಸಲ ತವರಿನಿಂದ ಹೊರಡುವಾಗ ಚನ್ನಕ್ಕ ಬುತ್ತಿ ಬೇಡವೆಂದು ಅತ್ತಳು. ಅವ್ವ ಅತ್ತೆಯನ್ನು ಬೈಯಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವಳನ್ನು ಒಲೆಯ ಮುಂದೆ ಕೂರಿಸಿ, ರೊಟ್ಟಿ, ಬದನೆಕಾಯಿ ಎಣಗಾಯಿ, ಕೆನೆಮೊಸರು ಹಾಕಿ, ಸಾಕು ಎಂದರೂ ಬಿಡದೆ ಮಾದಲಿಯ ಸಿಹಿ ಬಡಿಸಿ, “ಗಂಟಿನ್ಯಾಗ ಒಯ್ಯಾಕ ಬಿಡೂದಿಲ್ಲಂದ್ರ ಉಂಡು ಹೋಗು. ಅದನ್ನ ಯಾರು ಬಿಚ್ಚಿ ನೋಡ್ತಾರ?” ಎಂದಿದ್ದಳು.

ಚನ್ನಕ್ಕ ಕತ್ತರಿ ಕೆಳಗಿಟ್ಟಳು. ಎದ್ದು ಯಲ್ಲಮ್ಮನ ಮನೆಗೆ ಹೋದಳು.

ಯಲ್ಲಮ್ಮ ತಾರಸಿಯ ಮೇಲೆ ಶೇಂಗಾ ಒಣಗಿಸುತ್ತಿದ್ದಳು. ಎಲ್ಲ ಕೇಳಿ, “ಎಡಿ ಹಿಡಿಯೂದಾ? ಕೌದಿಗಾ? ದೇವರೇನ ಅವು?” ಎಂದಳು.

“ದೇವರಲ್ಲ. ಹೆಣ್ಣಮಕ್ಕಳು. ಬುತ್ತಿ ಒಯ್ಯೂದು ಬ್ಯಾಡ ಅಂದಾರ ಬೀಗರು. ಮನಿಯಾಗ ಉಣಿಸಿ ಕಳಸೂಣು.”

“ಹೊಟ್ಟಿ ಬಿಚ್ಚಿ, ಕಾಳು ತಗದು?”

“ತಗದು. ಮತ್ತ ಹೊಲದು. ಆಮ್ಯಾಲೆ ಎಡಿ.”

ಯಲ್ಲಮ್ಮ ಬಹಳ ಹೊತ್ತು ಶೇಂಗಾದಲ್ಲಿ ಕೈಯಾಡಿಸಿದಳು. “ನಿನ್ನ ತಲಿಯಾಗ ಹುಟ್ಟಿದ್ದಾ, ನಿಮ್ಮವ್ವ ಹೇಳಿದ್ದಾ?”

“ಅವ್ವ ಕೌದಿಗೆ ಹೇಳಿರಲಿಲ್ಲ. ನನಗ ಹೇಳಿದ್ಲು.”

“ನಾ ಬರ್ತೀನಿ ಅಂತ ತಿಳಕೋಬ್ಯಾಡ,” ಎಂದಳು ಯಲ್ಲಮ್ಮ.

ಆದರೆ ಶನಿವಾರ ಬೆಳಿಗ್ಗೆ ಮೊದಲು ಬಂದವಳು ಅವಳೇ. ಕೈಯಲ್ಲಿ ಮಾದಲಿಯ ಡಬ್ಬಿ. ಯಾರ ಮುಖವನ್ನೂ ನೋಡದೆ ತನ್ನ ಆರು ಕೌದಿಗಳನ್ನು ಎಳೆದುಕೊಂಡು ಕೂತು, “ಕತ್ತರಿ ಕೊಡ್ರಿ. ನನ್ನವನ್ನ ಬ್ಯಾರೆಯವರು ಬಿಚ್ಚೂದು ಬ್ಯಾಡ,” ಎಂದಳು. ಮೊದಲ ಹೊಲಿಗೆ ಬಿಚ್ಚುವಾಗ ಅವಳ ತುಟಿ ಏನೋ ಪಿಸುಗುಟ್ಟಿತು, ಮಗುವಿನ ಗಾಯ ತೊಳೆಯುವಾಗ ಹೇಳುವಂಥದ್ದು. ಮೂವರೂ ಕಾಳುಗಳನ್ನು ಒಂದು ತಟ್ಟೆಗೆ ಹಾಕುತ್ತ ಹೋದರು. ಅಕ್ಷಯಾ ಪ್ರತಿಯೊಂದು ಹೊಟ್ಟೆಯನ್ನೂ ಬೆಳಕಿಗೆ ಹಿಡಿದು, ಬೆರಳಿನಿಂದ ತಡವಿ, ಒಂದು ಸಲ ಝಾಡಿಸಿ ಕೊಟ್ಟಳು. ಖಾಲಿ ಹೊಟ್ಟೆಯ ಮೇಲೆ ಚೌಕ ಹಚ್ಚುವಾಗ ಚನ್ನಕ್ಕ ರೂಢಿಯಂತೆ ಕಾಳಿಗಾಗಿ ಬೆರಳಾಡಿಸಿದಳು. ಏನೂ ತಾಗಲಿಲ್ಲ, ಹೊಲಿಗೆಯನ್ನು ಅವಳು ನಿಲ್ಲಿಸಲಿಲ್ಲ.

ಊಟದ ಹೊತ್ತಿಗೆ ಕೌದಿಗಳನ್ನೆಲ್ಲ ದಿವಾನದ ಮೇಲೆ ಒಟ್ಟಿದರು. ಹತ್ತಿರ ಹೋಗಬೇಡಿ, ಒಂದು ತುಣುಕು ಬಿದ್ದರೂ ಮತ್ತೆ ಮೊದಲಿನಿಂದ ಎಂದು ಅಕ್ಷಯಾ ಎಚ್ಚರಿಸಿದ್ದರಿಂದ, ಎಡೆಯ ತಟ್ಟೆಯನ್ನು ಬಾಗಿಲ ಹತ್ತಿರ ದೂರದಲ್ಲೇ ಇಟ್ಟರು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮಾದಲಿಯ ಮೇಲೆ ಹಾಲು. ಯಲ್ಲಮ್ಮ ತಟ್ಟೆಯ ಸುತ್ತ ನೀರು ಬಿಟ್ಟಳು. ಎಲ್ಲರೂ ಸುಮ್ಮನೆ ನಿಂತರು. ಫಕೀರಪ್ಪ ಕೂಡ ಬಂದು ಹಿಂದೆ ನಿಂತ.

“ಎಷ್ಟೊತ್ತು ನಿಲ್ಲಬೇಕು?” ಅವನು ಮೆಲ್ಲಗೆ ಕೇಳಿದ.

“ಅವು ಉಣ್ಣೂತನಕ,” ಎಂದಳು ಯಲ್ಲಮ್ಮ. “ಇಪ್ಪತ್ತು ಮಂದಿ ಅದಾರ. ಅವಸರ ಮಾಡಬ್ಯಾಡ್ರಿ.”

ಸಂಜೆ ಅಕ್ಷಯಾ ಹೆಲೆನಳಿಗೆ ಮೇಲ್ ಬರೆಯಲು ಕೂತಳು. ಕಾಳು ತೆಗೆದಿದ್ದೇವೆ, ಪ್ರತಿಯೊಂದನ್ನೂ ನೋಡಿದ್ದೇವೆ ಎಂದು ಬರೆದಾದ ಮೇಲೆ, “ಯಾಕೆ ಇಟ್ಟಿದ್ರಿ ಅಂತ ಕೇಳಿದ್ಲಲ್ಲ, ಏನಂತ ಬರೀಲಿ?” ಎಂದು ಅವ್ವನನ್ನು ಕೇಳಿದಳು.

“ನಮ್ಮ ಕಡೆ ಹೊಟ್ಟಿ ಖಾಲಿ ಇದ್ದವರನ್ನ ಮನಿಯಿಂದ ಕಳಸೂದಿಲ್ಲ ಅಂತ ಬರಿ.”

“ಅಷ್ಟೇನಾ?”

“ಅಷ್ಟ.”

ಸೋಮವಾರ ಆಟೋದಲ್ಲಿ ಪಾರ್ಸೆಲ್ಲುಗಳನ್ನು ಹೇರಿಕೊಂಡು ಚನ್ನಕ್ಕ ಅಂಚೆ ಕಚೇರಿಗೆ ಹೋದಳು. ಅಕ್ಷಯಾಳಿಗೆ ಮಾರ್ಚ್ ತಿಂಗಳ ಕೆಲಸ, ರಜೆ ಸಿಗಲಿಲ್ಲ. ವಿವರವನ್ನೆಲ್ಲ ಹಿಂದಿನ ದಿನವೇ ಆನ್‌ಲೈನಿನಲ್ಲಿ ತುಂಬಿ ಕಳಿಸಿದ್ದಳು. ಒಬ್ಬಳೇ ಹೋಗುವುದು ಬೇಡವೆಂದು ಯಲ್ಲಮ್ಮ ಜೊತೆಗೆ ಬಂದಳು. ದಾರಿಯುದ್ದಕ್ಕೂ ಪಾರ್ಸೆಲ್ಲಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು.

ಕೌಂಟರಿನಲ್ಲಿ ದಿವ್ಯ ಎಂಬ ಹುಡುಗಿ ಪರದೆ ನೋಡುತ್ತ ಒಂದೊಂದನ್ನೇ ತೂಕಕ್ಕಿಟ್ಟಳು.

“ಚನ್ನಕ್ಕ ಅಂದ್ರೆ ನೀವೇನಾ ಮೇಡಂ?”

“ಹೌದ್ರೀ, ನಾನ.”

“ಎಲ್ಲಾ ಸರಿ ಇದೆ. ಒಂದ್ಸಲ ಬಾಯಲ್ಲಿ ಹೇಳ್ಬಿಡಿ. ಬೀಜ, ಕಾಳು, ತಿನ್ನೋ ಪದಾರ್ಥ, ಗಿಡದ ಭಾಗ ಏನಾದ್ರೂ ಇದ್ಯಾ ಒಳಗೆ?”

ಸುಲಭದ ಪ್ರಶ್ನೆ. ಆದರೂ ಚನ್ನಕ್ಕ ತೂಕದ ಮೇಲಿದ್ದ ಪಾರ್ಸೆಲ್ಲನ್ನೊಮ್ಮೆ ನೋಡಿದಳು. ಇಲ್ಲ ಎನ್ನುವುದು ಈಗ ನಿಜ. ನಿಜವನ್ನೇ ಹೇಳುತ್ತಿದ್ದರೂ, ಮಕ್ಕಳಿಗೆ ಏನೂ ಕೊಡದೆ ಕಳಿಸಿದೆ ಎಂದು ಒಪ್ಪಿಕೊಂಡಂತೆ ಅನಿಸಿತು.

“ಇಲ್ರೀ,” ಎಂದಳು. “ಹಳೇ ಸೀರಿ ಅದಾವು, ದಾರ ಐತಿ. ಮತ್ತೇನಿಲ್ಲ.” ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು, ಅಕ್ಷರ ಅಕ್ಷರ ಬಿಡಿಸಿ.

ಯಲ್ಲಮ್ಮ ಅವಳ ಭುಜದ ಪಕ್ಕದಿಂದ ಕೌಂಟರಿನ ಕಿಂಡಿಯತ್ತ ಬಾಗಿದಳು.

“ಉಂಡ ಬಂದಾವ್ರೀ ಎಲ್ಲಾ,” ಎಂದಳು.

ದಿವ್ಯ ಅರ್ಥವಾಗದೆ ಇಬ್ಬರನ್ನೂ ನೋಡಿ, ನಕ್ಕು, ಪಾರ್ಸೆಲ್ಲಿನ ಮೇಲೆ ಚೀಟಿ ಅಂಟಿಸಿ ಒಳಕ್ಕೆ ಎತ್ತಿಟ್ಟಳು.